ನಡುನಡುವೆ ದಮ್ಮು ಕಳಕೊಳ್ಳುವ ಹಳೆ ಟ್ರ್ಯಾಕ್ಟರ್: ರೋಗ ಹುಡುಕುವ ಕ್ರಮ

ಪೂರ್ತಿ ಕೆಟ್ಟು ನಿಂತ ಟ್ರ್ಯಾಕ್ಟರನ್ನು ರಿಪೇರಿ ಮಾಡಿಸುವುದು ಅಂಥ ಕಷ್ಟವಲ್ಲ. ಮಿಸ್ತ್ರಿ ಬರುತ್ತಾನೆ, ಕೆಟ್ಟದ್ದು ಕಣ್ಣಿಗೆ ಕಾಣುತ್ತದೆ, ಸಾಮಾನು ತಂದು ಹಾಕುತ್ತಾನೆ. ತಲೆ ತಿನ್ನುವುದು ಇನ್ನೊಂದು ತರಹದ್ದು. ಅರ್ಧ ತಾಸು ಚೆನ್ನಾಗಿ ಜಗ್ಗುತ್ತದೆ, ಆಮೇಲೆ ದಮ್ಮು ಕಳಕೊಳ್ಳುತ್ತದೆ, ಹತ್ತು ನಿಮಿಷ ನಿಲ್ಲಿಸಿದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಜಗ್ಗುತ್ತದೆ. ಮಿಸ್ತ್ರಿ ಬಂದು ನೋಡುವಾಗ ಎಲ್ಲ ಸರಿ ಇರುತ್ತದೆ. "ಏನೂ ಇಲ್ಲ ಬಿಡ್ರಿ ಕಾಕಾ, ಚಲೋ ಐತಿ" ಅಂತ ಹೇಳಿ ಹೋಗುತ್ತಾನೆ. ಅವನು ಊರ ಅಗಸಿ ದಾಟಿರುವುದಿಲ್ಲ, ಗಾಡಿ ಮತ್ತೆ ಸಾಲಿನ ನಡುವೆ ಕೂತಿರುತ್ತದೆ.

ನನ್ನದು 1994ರ ಮಾಡೆಲ್, ಮೂರು ಸಿಲಿಂಡರಿನ 35 ಎಚ್.ಪಿ. ಗಾಡಿ. ಎರಡನೇ ಕೈಯಿಂದ ಕೊಂಡದ್ದು. 2024ರ ಹಿಂಗಾರಿಯಲ್ಲಿ ಇದಕ್ಕೆ ಈ ರೋಗ ಬಂತು. ಹಿಂದಿನ ವರ್ಷ, 2023ರಲ್ಲಿ ಬರ ಬಿದ್ದು ಮನೆಯ ಕಾಳು ಕೂಡ ಮುಗಿದಿತ್ತು. ನಮ್ಮದು ಎರೆ ಹೊಲ, ಮಳೆಯೇ ಆಧಾರ. ಹಿಂಗಾರಿ ಜೋಳ, ಕಡಲೆ ಬಿತ್ತಲು ಹದ ಸಿಗುವುದು ನಾಲ್ಕು ದಿನ, ಹೆಚ್ಚೆಂದರೆ ಐದು. ಮೇಲಿನ ಪದರ ಆರಿತೆಂದರೆ ಬೀಜ ಹುಟ್ಟುವುದಿಲ್ಲ. ಆ ದಿನಗಳಲ್ಲಿ ಬಾಡಿಗೆಗೆ ಗಾಡಿ ಕೇಳಿದರೆ ಎಲ್ಲರದೂ ಹೊಲದಲ್ಲೇ ಇರುತ್ತದೆ. ಡೀಸೆಲ್ ಪಂಪು ಬಿಚ್ಚಿ ಪಟ್ಟಣಕ್ಕೆ ಕಳಿಸಬೇಕು, ಹದಿನೆಂಟು ಸಾವಿರವಾದರೂ ಬೇಕು, ಎಂಟು ದಿನ ಹಿಡಿಯುತ್ತದೆ ಅಂತ ಒಬ್ಬರು ಹೇಳಿದರು. ಎಂಟು ದಿನ ಕಾದರೆ ಆ ವರ್ಷದ ಬೆಳೆಯೇ ಇಲ್ಲ.

ಹಾಗಾಗಿ ಪಂಪಿಗೆ ಕೈ ಹಚ್ಚುವ ಮೊದಲು ಒಂದೊಂದಾಗಿ ಪರೀಕ್ಷೆ ಮಾಡುತ್ತ ಬಂದೆ. ಎರಡು ನಿಯಮ ಇಟ್ಟುಕೊಂಡೆ. ಒಂದು, ದುಡ್ಡು ಖರ್ಚಿಲ್ಲದ ಪರೀಕ್ಷೆ ಮೊದಲು, ಖರ್ಚಿನದು ಕೊನೆಗೆ. ಎರಡು, ಒಂದು ಸಲಕ್ಕೆ ಒಂದೇ ಬದಲಾವಣೆ. ಫಿಲ್ಟರು, ಪೈಪು, ನಾಜಲ್ ಎಲ್ಲ ಒಟ್ಟಿಗೆ ಬದಲಿಸಿದರೆ ಗಾಡಿ ಸರಿ ಆಗಬಹುದು, ಆದರೆ ಯಾವುದು ಕೆಟ್ಟಿತ್ತೆಂದು ತಿಳಿಯುವುದಿಲ್ಲ. ಮುಂದಿನ ಸಲ ಮತ್ತೆ ಎಲ್ಲದಕ್ಕೂ ದುಡ್ಡು ಹಾಕಬೇಕು.

ಮೊದಲ ಪ್ರಶ್ನೆ: ಸೋತದ್ದು ಇಂಜಿನ್ನೋ, ಗಾಲಿಯೋ?

"ಗಾಡಿ ಜಗ್ಗವಲ್ದು" ಎಂಬ ಒಂದೇ ಮಾತಿನಲ್ಲಿ ಎರಡು ಮೂರು ರೋಗ ಅಡಗಿರುತ್ತವೆ. ಕಿವಿಯಿಂದಲೇ ಬೇರೆ ಮಾಡಬಹುದು.

ಕುಂಟೆ ನೆಲಕ್ಕೆ ಇಳಿದಾಗ ಇಂಜಿನ್ ಸದ್ದು ಏರಿಯೇ ಇದ್ದು ಗಾಡಿ ಮಾತ್ರ ಮುಂದೆ ಸಾಗದಿದ್ದರೆ, ದೊಡ್ಡ ಗಾಲಿ ನೆಲದಲ್ಲಿ ತಿರುಗುತ್ತಿದೆಯೇ ನೋಡಿ. ಗಾಲಿ ತಿರುಗುತ್ತಿದ್ದರೆ ಅದು ಜಾರಿಕೆ. ಗಾಲಿಯೂ ತಿರುಗದಿದ್ದರೆ ಕ್ಲಚ್ ಜಾರುತ್ತಿದೆ, ಸುಟ್ಟ ವಾಸನೆಯೂ ಬಂದೀತು. ಇಂಜಿನ್ ಸದ್ದೇ ಇಳಿದು ಗುಮ್ಮೆನ್ನುತ್ತ ಮಂದವಾದರೆ ಇಂಜಿನ್ ಸೋಲುತ್ತಿದೆ, ಇಲ್ಲವೆ ಯಾವುದೋ ಬ್ರೇಕು ಹಿಡಿದುಕೊಂಡಿದೆ. ಗಾಡಿ ನಿಲ್ಲಿಸಿ ಎರಡೂ ಬ್ರೇಕಿನ ಡ್ರಮ್ಮಿನ ಹತ್ತಿರ ಅಂಗೈ ಒಡ್ಡಿ ನೋಡಿ. ಮುಟ್ಟಬೇಡಿ. ಒಂದು ಕಡೆ ಬಿಸಿ ಹೊಡೆದು ಇನ್ನೊಂದು ಕಡೆ ತಣ್ಣಗಿದ್ದರೆ ರೋಗ ಬ್ರೇಕಿನದು.

ನನ್ನ ಗಾಡಿಯಲ್ಲಿ ಸದ್ದೇ ಇಳಿಯುತ್ತಿತ್ತು, ಬ್ರೇಕು ತಣ್ಣಗಿದ್ದವು. ಅಂದರೆ ಇಂಜಿನ್ನೇ.

ಎರಡನೆಯದು: ಬರೆದಿಡುವುದು

ಬಂದು ಹೋಗುವ ರೋಗಕ್ಕೆ ಬರೆದಿಟ್ಟ ಲೆಕ್ಕವೇ ಔಷಧ. ಮಗನ ಹಳೆ ನೋಟ್‌ಬುಕ್ಕಿನಲ್ಲಿ ಎರಡು ದಿನ ಇಷ್ಟನ್ನು ಬರೆದೆ:

1. ಚಾಲು ಮಾಡಿ ಎಷ್ಟು ನಿಮಿಷಕ್ಕೆ ದಮ್ಮು ಹೋಯಿತು?
2. ಆಗ ಹೊರೆ ಇತ್ತೋ, ಖಾಲಿ ಓಡುತ್ತಿತ್ತೋ?
3. ಟ್ಯಾಂಕಿನಲ್ಲಿ ಡೀಸೆಲ್ ಎಷ್ಟಿತ್ತು?
4. ಹೊಗೆ ಯಾವ ಬಣ್ಣ?
5. ಬಿಸಿಯ ಮುಳ್ಳು ಎಲ್ಲಿತ್ತು?
6. ಎಷ್ಟು ಹೊತ್ತು ನಿಂತ ಮೇಲೆ ಸರಿ ಆಯಿತು?

ನನ್ನ ಲೆಕ್ಕ ಹೀಗಿತ್ತು. ಕುಂಟೆ ಹೊಡೆಯುವಾಗ 35ರಿಂದ 45 ನಿಮಿಷಕ್ಕೆ ದಮ್ಮು ಹೋಗುತ್ತದೆ. ಖಾಲಿ ಟ್ರೇಲರ್ ಕಟ್ಟಿ ರಸ್ತೆಯಲ್ಲಿ ಓಡಿಸಿದರೆ ಒಮ್ಮೆಯೂ ಇಲ್ಲ. ಟ್ಯಾಂಕು ತುಂಬಿದ್ದರೂ ಅರ್ಧ ಇದ್ದರೂ ಒಂದೇ. ಹೊಗೆ ಹೆಚ್ಚಾಗುವುದಿಲ್ಲ. ಬಿಸಿಯ ಮುಳ್ಳು ನಡುವೆಯೇ ಇರುತ್ತದೆ. ಹತ್ತು ನಿಮಿಷ ಆಫ್ ಮಾಡಿದರೆ ಒಂದೇ ಸಲಕ್ಕೆ ಚಾಲು ಆಗಿ ಜಗ್ಗುತ್ತದೆ.

ಈ ಆರು ಸಾಲು ಅರ್ಧ ರೋಗವನ್ನು ಹೇಳಿಬಿಟ್ಟವು. ಹೇಗೆಂದು ಮುಂದೆ ನೋಡೋಣ.

ಹೊಗೆಯ ಭಾಷೆ

ಡೀಸೆಲ್ ಇಂಜಿನ್ನಿಗೆ ಬೇಕಾದ್ದು ಗಾಳಿ, ಡೀಸೆಲ್, ಮತ್ತು ಗಾಳಿಯನ್ನು ಒತ್ತಿ ಬಿಸಿ ಮಾಡುವ ಬಿಗಿತ. ಮೂರರಲ್ಲಿ ಯಾವುದು ಕಡಿಮೆ ಎಂಬುದನ್ನು ಹೊಗೆ ಹೇಳುತ್ತದೆ.

ಕರಿ ಹೊಗೆ ಬಂದು ದಮ್ಮು ಹೋದರೆ ಡೀಸೆಲ್ ಬರುತ್ತಿದೆ, ಅದನ್ನು ಸುಡುವಷ್ಟು ಗಾಳಿ ಇಲ್ಲ ಎಂದರ್ಥ. ಏರ್ ಕ್ಲೀನರ್ ನೋಡಬೇಕು. ಹಳೆ ಗಾಡಿಗಳಲ್ಲಿ ಕೆಳಗೆ ಆಯಿಲ್ ಬಟ್ಟಲು ಇರುತ್ತದೆ. ಎರೆ ಧೂಳಿನಲ್ಲಿ ದುಡಿದರೆ ಅದು ದಿನಕ್ಕೊಮ್ಮೆ ಕೆಸರಾಗುತ್ತದೆ. ಬಟ್ಟಲು ತೊಳೆದು ಗೆರೆಯ ಮಟ್ಟಕ್ಕೆ ಹೊಸ ಆಯಿಲ್ ಹಾಕಬೇಕು, ಗೆರೆ ದಾಟಿಸಬಾರದು. ನಾಜಲ್ ಸರಿಯಾಗಿ ಸಿಂಪಡಿಸದೆ ಹನಿ ಬಿಟ್ಟರೂ ಕರಿ ಹೊಗೆ ಬರುತ್ತದೆ. ಹೊರೆ ಹೆಚ್ಚಾದರೂ ಬರುತ್ತದೆ.

ಬಿಳಿ ಹೊಗೆ ಎಂದರೆ ಡೀಸೆಲ್ ಸುಡದೆ ಹೊರಗೆ ಬರುತ್ತಿದೆ, ಅಥವಾ ನೀರು ಸೇರಿದೆ. ರೇಡಿಯೇಟರಿನ ನೀರು ದಿನಾ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಕಡೆ ಸಂಶಯ ಪಡಬೇಕು.

ನೀಲಿ ಹೊಗೆ ಎಂದರೆ ಇಂಜಿನ್ ಆಯಿಲ್ ಸುಡುತ್ತಿದೆ. ರಿಂಗು, ಲೈನರ್ ಸವೆದಿರಬಹುದು. ಅಂಥ ಸವಕಲು ಹತ್ತು ನಿಮಿಷ ನಿಂತರೆ ವಾಸಿಯಾಗುವುದಿಲ್ಲ. ಅದು ಎಲ್ಲ ಕಾಲಕ್ಕೂ ಇರುವ ರೋಗ.

ಹೊಗೆ ಹೆಚ್ಚಾಗದೆ ದಮ್ಮು ಮಾತ್ರ ಇಳಿದರೆ? ಸುಡಲು ಡೀಸೆಲ್ಲೇ ಬರುತ್ತಿಲ್ಲ. ನನ್ನದು ಇದು.

ಹೊರೆ ಬಿದ್ದಾಗಲೇ ಏಕೆ?

ನನ್ನ ಗಾಡಿ ಖಾಲಿ ಓಡಿದರೆ ತಾಸಿಗೆ ಎರಡು ಲೀಟರ್ ಆಸುಪಾಸು ಡೀಸೆಲ್ ಕುಡಿಯುತ್ತದೆ. ಎರೆಯಲ್ಲಿ ಕುಂಟೆ ಜಗ್ಗಿದರೆ ನಾಲ್ಕೂವರೆ ಲೀಟರ್ ಬೇಕು. ಡೀಸೆಲ್ ಬರುವ ದಾರಿ ಅರ್ಧ ಕಟ್ಟಿದ್ದರೆ ಎರಡು ಲೀಟರಿಗೆ ಸಾಲುತ್ತದೆ, ನಾಲ್ಕೂವರೆಗೆ ಸಾಲುವುದಿಲ್ಲ. ಆದ್ದರಿಂದಲೇ ಮಿಸ್ತ್ರಿ ಅಂಗಳದಲ್ಲಿ ನಿಲ್ಲಿಸಿ ಎಷ್ಟು ರೇಸು ಮಾಡಿದರೂ ರೋಗ ಕಾಣುವುದಿಲ್ಲ. ಹೊಲದಲ್ಲಿ, ಹೊರೆ ಕಟ್ಟಿಯೇ ನೋಡಬೇಕು.

ಇನ್ನು ನಿಂತರೆ ಸರಿ ಆಗುವುದೇಕೆ? ಇದಕ್ಕೆ ಮುಖ್ಯವಾಗಿ ಮೂರು ಕಾರಣ. ಟ್ಯಾಂಕಿನ ಮುಚ್ಚಳದ ಗಾಳಿ ತೂತು ಕಟ್ಟಿರುವುದು, ಡೀಸೆಲ್ ದಾರಿಯಲ್ಲಿ ಕಸ ಬಂದು ಕೂರುವುದು, ಅಥವಾ ಬಿಸಿ ಏರಿದಾಗ ಮಾತ್ರ ಪಂಪು ಸೋಲುವುದು. ಮೂರನ್ನೂ ಬೇರೆ ಬೇರೆ ಮಾಡಿ ಹಿಡಿಯಬಹುದು.

ಪರೀಕ್ಷೆ 1: ಮುಚ್ಚಳ

ಕೊಡದ ಬಾಯಿಯನ್ನು ಅಂಗೈಯಿಂದ ಮುಚ್ಚಿ ತಳಕ್ಕೆ ತೂತು ಹಾಕಿದರೆ ನೀರು ಸ್ವಲ್ಪ ಬಂದು ನಿಂತುಬಿಡುತ್ತದೆ. ಟ್ಯಾಂಕಿನದೂ ಅದೇ ಕತೆ. ಹೋದ ಡೀಸೆಲಿನ ಜಾಗಕ್ಕೆ ಗಾಳಿ ಬರಲೆಂದು ಮುಚ್ಚಳದಲ್ಲಿ ಸಣ್ಣ ತೂತು ಇರುತ್ತದೆ. ಧೂಳು, ಡೀಸೆಲ್ ಸೇರಿ ಅದು ಮೆತ್ತಿಕೊಳ್ಳುತ್ತದೆ. ದಮ್ಮು ಹೋದ ಕೂಡಲೆ ಮುಚ್ಚಳ ಸಡಿಲಿಸಿ. ಸುಯ್ಯೆಂದು ಗಾಳಿ ಒಳಗೆ ಎಳೆದು ಸ್ವಲ್ಪ ಹೊತ್ತಿನಲ್ಲೇ ಇಂಜಿನ್ ಚೇತರಿಸಿಕೊಂಡರೆ ರೋಗ ಸಿಕ್ಕಿತು. ಸೂಜಿಯಿಂದ ತೂತು ಬಿಡಿಸಿದರೆ ಸಾಕು, ಖರ್ಚು ಸೊನ್ನೆ.

ನನ್ನದರಲ್ಲಿ ಸದ್ದೂ ಬರಲಿಲ್ಲ, ದಮ್ಮೂ ಬರಲಿಲ್ಲ. ಮುಚ್ಚಳ ಸರಿ ಇದೆ ಎಂದು ಬರೆದುಕೊಂಡೆ.

ಪರೀಕ್ಷೆ 2: ಸ್ಟಾಪ್ ವಾಯರ್, ಎಕ್ಸಿಲೇಟರ್ ಕಡ್ಡಿ

ಇಂಜಿನ್ ಆಫ್ ಮಾಡುವ ವಾಯರ್ ತುಕ್ಕು ಹಿಡಿದಿದ್ದರೆ ಪೂರ್ತಿ ಹಿಂದೆ ಹೋಗುವುದಿಲ್ಲ. ಪಂಪಿನ ಡೀಸೆಲ್ ಅರ್ಧ ಕಡಿಮೆಯಾಗಿಯೇ ಇರುತ್ತದೆ. ಪಂಪಿನ ಹತ್ತಿರ ಒಬ್ಬರು ನಿಂತು, ಇನ್ನೊಬ್ಬರು ಮೇಲೆ ಕೂತು ವಾಯರ್ ಎಳೆದು ಬಿಡಬೇಕು. ಕಡ್ಡಿ ಪೂರ್ತಿ ವಾಪಸು ಬರುತ್ತದೆಯೇ ನೋಡಬೇಕು. ಎಕ್ಸಿಲೇಟರ್ ಕಡ್ಡಿಯ ಕೀಲುಗಳು ಸವೆದಿದ್ದರೂ ಮೇಲೆ ಪೂರ್ತಿ ಒತ್ತಿದ್ದು ಕೆಳಗೆ ಮುಕ್ಕಾಲು ಮಾತ್ರ ಮುಟ್ಟುತ್ತದೆ. ಇದಕ್ಕೂ ಖರ್ಚಿಲ್ಲ.

ಪರೀಕ್ಷೆ 3: ಬಟ್ಟಲು ಮತ್ತು ಫಿಲ್ಟರು

ಫೀಡ್ ಪಂಪಿನ ಹತ್ತಿರ ಅಥವಾ ಫಿಲ್ಟರಿನ ಕೆಳಗೆ ಕಸ ಕೂರುವ ಬಟ್ಟಲು ಇರುತ್ತದೆ. ಬಿಚ್ಚಿ ಗಾಜಿನ ಲೋಟಕ್ಕೆ ಸುರಿದು ಅರ್ಧ ತಾಸು ಬಿಡಿ. ನೀರಿದ್ದರೆ ತಳದಲ್ಲಿ ಬೇರೆ ಪದರವಾಗಿ ಕೂರುತ್ತದೆ. ಫಿಲ್ಟರು ಬದಲಿಸಿ ಎಷ್ಟು ತಾಸಾಯಿತೆಂದು ಲೆಕ್ಕ ನೋಡಿ. ಆದರೆ ಒಂದು ಮಾತು. ಫಿಲ್ಟರು ಮಾತ್ರ ಕಟ್ಟಿದ್ದರೆ ಸಾಮಾನ್ಯವಾಗಿ ರೋಗ ದಿನದಿಂದ ದಿನಕ್ಕೆ ಹೆಚ್ಚುತ್ತ ಹೋಗುತ್ತದೆ. ನಿಂತ ಕೂಡಲೆ ಹೊಸದರಂತೆ ಜಗ್ಗುವುದಿಲ್ಲ. ನನ್ನ ಫಿಲ್ಟರು ಹೊಸದಿತ್ತು, ಬಟ್ಟಲಲ್ಲಿ ನೀರಿರಲಿಲ್ಲ.

ಪರೀಕ್ಷೆ 4: ಗಾಳಿ ಎಳೆಯುವ ಜಾಗ

ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಡೀಸೆಲನ್ನು ಎಳೆಯಲಾಗುತ್ತದೆ, ಅಲ್ಲಿಂದ ಮುಂದೆ ತಳ್ಳಲಾಗುತ್ತದೆ. ತಳ್ಳುವ ಕಡೆ ಸೀಳಿದ್ದರೆ ಡೀಸೆಲ್ ಹೊರಗೆ ಸೋರಿ ಕಾಣುತ್ತದೆ. ಎಳೆಯುವ ಕಡೆ ಸೀಳಿದ್ದರೆ ಇಂಜಿನ್ ಓಡುವಾಗ ಗಾಳಿ ಒಳಗೆ ಹೋಗಬಹುದು, ಹೊರಗೆ ಒಂದು ಹನಿಯೂ ಕಾಣದಿರಬಹುದು. ಫೀಡ್ ಪಂಪಿನ ಮುಂಚೆ ಒಂದು ಗೇಣು ಪಾರದರ್ಶಕ ಪೈಪು ಹಾಕಿ ಓಡಿಸಿದರೆ ಗುಳ್ಳೆ ಕಣ್ಣಿಗೆ ಕಾಣುತ್ತದೆ. ಇದು ಪರೀಕ್ಷೆಗೆ ಮಾತ್ರ, ಕಾಯಂ ಬಿಡಬಾರದು. ಹಳೆ ರಬ್ಬರ್ ಪೈಪಿನದು ಇನ್ನೊಂದು ಮೋಸ. ಹೊರಗೆ ಚೆನ್ನಾಗಿದ್ದು ಒಳಗಿನ ಪದರ ಕಿತ್ತು ಬಾಗಿಲಿನಂತೆ ಮುಚ್ಚಿಕೊಳ್ಳುತ್ತದೆ. ಸಂಶಯವಿದ್ದರೆ ಕತ್ತರಿಸಿ ನೋಡಿ, ಊದಿ ನೋಡಿದರೆ ತಿಳಿಯುವುದಿಲ್ಲ.

ಪರೀಕ್ಷೆ 5: ಕ್ಯಾನಿನ ಪರೀಕ್ಷೆ

ಎಲ್ಲಕ್ಕಿಂತ ನಂಬಿಕೆಯ ಪರೀಕ್ಷೆ ಇದು. ಹತ್ತು ಲೀಟರಿನ ತೊಳೆದ ಒಣ ಕ್ಯಾನಿಗೆ ಸೋಸಿದ ಡೀಸೆಲ್ ತುಂಬಿ, ಟ್ಯಾಂಕಿನ ಎತ್ತರಕ್ಕೆ ಅಲುಗದಂತೆ ಕಟ್ಟಬೇಕು. ಸೈಲೆನ್ಸರಿನಿಂದ ದೂರ ಇರಲಿ. ಟ್ಯಾಂಕಿನ ಕಾಕ್ ಬಂದ್ ಮಾಡಿ, ಫೀಡ್ ಪಂಪಿಗೆ ಬರುವ ಪೈಪು ತೆಗೆದು, ಅಲ್ಲಿಗೆ ಕ್ಯಾನಿನಿಂದ ಹೊಸ ಪೈಪು ಕೊಡಬೇಕು. ಕ್ಯಾನಿನ ಮುಚ್ಚಳ ಸಡಿಲ ಇರಲಿ. ಏರ್ ತೆಗೆದು ಚಾಲು ಮಾಡಿ ಅದೇ ಹೊಲದಲ್ಲಿ, ಅದೇ ಕುಂಟೆಯಲ್ಲಿ, ಅದೇ ಗೇರಿನಲ್ಲಿ ಓಡಿಸಬೇಕು.

ಕ್ಯಾನಿನಲ್ಲಿ ಗಾಡಿ ಸರಿಯಾಗಿ ಓಡಿದರೆ ರೋಗ ಟ್ಯಾಂಕು, ಕಾಕ್, ಮತ್ತು ಅಲ್ಲಿಂದ ಬರುವ ಪೈಪಿನಲ್ಲಿದೆ. ಪಂಪು, ನಾಜಲ್ ನಿರಪರಾಧಿ. ಕ್ಯಾನಿನಲ್ಲೂ ದಮ್ಮು ಹೋದರೆ ರೋಗ ಫೀಡ್ ಪಂಪು ಅಥವಾ ಅದರ ಮುಂದಿದೆ. ಒಂದೇ ಪರೀಕ್ಷೆಯಲ್ಲಿ ಹುಡುಕುವ ಜಾಗ ಅರ್ಧವಾಗುತ್ತದೆ.

ನನ್ನ ಗಾಡಿ ಎರಡು ತಾಸು ಕಾಲು ಗಂಟೆ ಓಡಿತು. ನಡುವೆ ಇಂಜಿನ್ ನಿಲ್ಲಿಸಿ ಕ್ಯಾನು ತುಂಬಿಸಿದ್ದು ಬಿಟ್ಟರೆ ತಡೆ ಇಲ್ಲ. ಒಮ್ಮೆಯೂ ಸೋಲಲಿಲ್ಲ. ಹದಿನೆಂಟು ಸಾವಿರದ ಪಂಪಿನ ಮಾತು ಅಲ್ಲಿಗೆ ಮುಗಿಯಿತು.

ಸಿಕ್ಕ ರೋಗ

ಮುಂದೆ ಟ್ಯಾಂಕಿನ ಕೆಳಗಿನ ಪೈಪು ಬಿಚ್ಚಿ ಕಾಕ್ ತೆರೆದು ಡೀಸೆಲನ್ನು ಬಕೆಟ್ಟಿಗೆ ಬಿಟ್ಟೆ. ಮೊದಲು ಬೆರಳು ದಪ್ಪದ ಧಾರೆ. ಮೂರು ಲೀಟರ್ ಇಳಿಯುವ ಹೊತ್ತಿಗೆ ಧಾರೆ ದಾರದಷ್ಟಾಯಿತು. ಟ್ಯಾಂಕಿನಲ್ಲಿ ಇನ್ನೂ ಇಪ್ಪತ್ತು ಲೀಟರ್ ಇತ್ತು. ಕಾಕ್ ಬಂದ್ ಮಾಡಿ ಐದು ನಿಮಿಷ ಬಿಟ್ಟು ತೆರೆದರೆ ಮತ್ತೆ ಬೆರಳು ದಪ್ಪ! ಹೊಲದಲ್ಲಿ ಆಗುತ್ತಿದ್ದದ್ದೇ ಇಲ್ಲೂ ಆಯಿತು.

ಟ್ಯಾಂಕು ಪೂರ್ತಿ ಖಾಲಿ ಮಾಡಿ ತೊಳೆದಾಗ ಹೆಬ್ಬೆಟ್ಟಿನ ಅಗಲದ ಪ್ಲಾಸ್ಟಿಕ್ ಚೂರು ಬಂತು, ಯಾವುದೋ ಡಬ್ಬಿಯ ಸೀಲಿನದು. ಜೊತೆಗೆ ಒಂದಿಷ್ಟು ಗೋಣಿಚೀಲದ ನಾರು, ತುಕ್ಕು. ಇಂಜಿನ್ ಎಳೆಯುವಾಗ ಈ ಚೂರು ಮೆಲ್ಲಗೆ ಸರಿದು ತೂತಿನ ಮೇಲೆ ಕೂರುತ್ತಿತ್ತು. ಆಫ್ ಮಾಡಿದರೆ ಎಳೆತ ನಿಂತು ತಾನಾಗಿ ಬಿಡುತ್ತಿತ್ತು. ಇಷ್ಟೇ ರೋಗ.

ಪ್ಲಾಸ್ಟಿಕ್ ತೇಲಬೇಕಲ್ಲ, ತಳಕ್ಕೆ ಹೇಗೆ ಹೋಯಿತು ಎಂದು ಮಗ ಕೇಳಿದ. ಡೀಸೆಲ್ ನೀರಿಗಿಂತ ಹಗುರ. ನೀರಿನಲ್ಲಿ ತೇಲುವ ಡಬ್ಬಿ, ಚೀಲದ ಪ್ಲಾಸ್ಟಿಕ್ ಡೀಸೆಲಿನಲ್ಲಿ ಮುಳುಗುತ್ತದೆ. ಎರಡು ಲೋಟದಲ್ಲಿ ಹಾಕಿ ನೋಡಿದರೆ ಯಾರಿಗೂ ಕಾಣುತ್ತದೆ.

ಹೊಸ ಪೈಪು, ಎರಡು ಕ್ಲಿಪ್ಪು, ವಾಸರ್ ಸೇರಿ 340 ರೂಪಾಯಿ ಖರ್ಚಾಯಿತು. ಮರುದಿನ ಬೆಳಗ್ಗೆ ಕೂರಿಗೆ ಕಟ್ಟಿದೆವು. ಹದ ಆರುವ ಮೊದಲು ಹನ್ನೆರಡು ಎಕರೆ ಬಿತ್ತಿ ಮುಗಿಯಿತು.

ಕ್ಯಾನಿನಲ್ಲೂ ಸೋತರೆ?

ಆಗ ಫೀಡ್ ಪಂಪಿನ ಜಾಳಿಗೆ, ಡಯಾಫ್ರಮ್, ವಾಲ್ವು ನೋಡಬೇಕು. ಆಮೇಲೆ ಫಿಲ್ಟರು. ಆಮೇಲೆ ನಾಜಲ್. ಇಂಜಿನ್ ಮಂದವಾಗಿ ಓಡುವಾಗ ಒಂದೊಂದೇ ನಾಜಲಿನ ಪೈಪಿನ ನಟ್ಟನ್ನು ಅರ್ಧ ಸುತ್ತು ಸಡಿಲಿಸಿ ಮತ್ತೆ ಬಿಗಿ ಮಾಡುತ್ತಾರೆ. ಸಡಿಲಿಸಿದಾಗ ಇಂಜಿನ್ ತಡವರಿಸಿದರೆ ಆ ಸಿಲಿಂಡರ್ ದುಡಿಯುತ್ತಿದೆ. ಯಾವುದನ್ನು ಸಡಿಲಿಸಿದರೂ ಸದ್ದು ಬದಲಾಗದೋ ಅದೇ ಸೋಮಾರಿ. ಇದನ್ನು ಗೊತ್ತಿದ್ದವರ ಕೈಯಿಂದಲೇ ಮಾಡಿಸಿ. ನಟ್ಟಿನ ಮೇಲೆ ಅರಿವೆ ಮುಚ್ಚಿರಬೇಕು, ಮುಖ ದೂರ ಇರಬೇಕು. ನಾಜಲಿನ ಡೀಸೆಲ್ ಚರ್ಮ ತೂರಿ ಒಳಗೆ ಹೋಗುವಷ್ಟು ಜೋರಾಗಿರುತ್ತದೆ. ಬೆರಳು ಒಡ್ಡಿ ನೋಡುವ ಚಾಳಿ ಬೇಡವೇ ಬೇಡ. ಹಾಗೆ ಚುಚ್ಚಿದರೆ ಗಾಯ ಸಣ್ಣದೆಂದು ಮನೆಯಲ್ಲಿ ಕೂರದೆ ಆಗಿಂದಾಗ್ಗೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ತಡವಾದರೆ ಬೆರಳೇ ಹೋದೀತು.

ಇಷ್ಟೆಲ್ಲ ಸರಿ ಇದ್ದು, ಬಿಸಿಯಾದಾಗ ಮಾತ್ರ ದಮ್ಮು ಹೋಗಿ, ಬಿಸಿ ಇಂಜಿನ್ ಮತ್ತೆ ಚಾಲು ಆಗಲು ಒದ್ದಾಡಿ, ತಣ್ಣಗಾದ ಮೇಲೆ ಸರಿ ಆದರೆ, ಆಗ ಪಂಪು ಸವೆದಿದೆ ಎಂದು ಸಂಶಯ ಪಡಬಹುದು. ಬಿಸಿಯಾದ ಡೀಸೆಲ್ ತೆಳ್ಳಗಾಗಿ ಸವೆದ ಸಂದಿನಲ್ಲಿ ಜಾರುತ್ತದೆ. ಬಿಸಿ ಪಂಪಿನ ಮೇಲೆ ತಣ್ಣೀರು ಸುರಿಯಬಾರದು, ಅಂಟಿಕೊಂಡು ಕೂತೀತು. ಪಂಪು ಮನೆಯಲ್ಲಿ ಬಿಚ್ಚುವ ಸಾಮಾನಲ್ಲ, ಅದಕ್ಕೆ ಅಳತೆಯ ಯಂತ್ರ ಇರುವಲ್ಲಿಗೇ ಹೋಗಬೇಕು.

ರೋಗ ಬರದಂತೆ

* ಡೀಸೆಲನ್ನು ನುಣುಪು ಜಾಳಿಗೆಯ ಲಾಳಿಕೆಯಲ್ಲಿ ಸೋಸಿಯೇ ಹಾಕಿ. ಹಳೆ ಅರಿವೆಯಿಂದ ಸೋಸಿದರೆ ಅದರ ನಾರೇ ಒಳಗೆ ಹೋಗುತ್ತದೆ.
* ಕ್ಯಾನಿನ ಸೀಲು ತೆಗೆದಾಗ ಚೂರು ಪೂರ್ತಿ ಕೈಗೆ ಬಂತೇ ನೋಡಿ.
* ಸಂಜೆ ಟ್ಯಾಂಕು ತುಂಬಿಸಿಡಿ. ಖಾಲಿ ಟ್ಯಾಂಕಿನೊಳಗೆ ರಾತ್ರಿ ಇಬ್ಬನಿ ಕೂತು ನೀರಾಗುತ್ತದೆ.
* ವರ್ಷಕ್ಕೊಮ್ಮೆ, ರೋಹಿಣಿ ಮಳೆಗೆ ಮುಂಚೆ, ಟ್ಯಾಂಕು ಖಾಲಿ ಮಾಡಿ ತೊಳೆಯಿರಿ. ಅದೇ ದಿನ ಧಾರೆಯ ಪರೀಕ್ಷೆಯನ್ನೂ ಮಾಡಿ.
* ಬಿತ್ತಿಗೆಗೆ ಹದಿನೈದು ದಿನ ಮುಂಚೆ ಹೊರೆ ಕಟ್ಟಿ ಒಂದು ತಾಸು ಓಡಿಸಿ ನೋಡಿ. ರೋಗ ಇದ್ದರೆ ಆಗಲೇ ತೋರಿಸಲಿ.

ಎತ್ತು ಕುಂಟಿದರೆ ನಾವು ಮೊದಲು ಲಾಳ ನೋಡುತ್ತೇವೆ, ಗೊರಸಿನ ಸಂದಿಯಲ್ಲಿ ಮುಳ್ಳು ಹುಡುಕುತ್ತೇವೆ. ಕಾಲು ಮುರಿದಿದೆ ಎಂದು ಮಾರಲು ಹೊರಡುವುದಿಲ್ಲ. ಹಳೆ ಟ್ರ್ಯಾಕ್ಟರಿಗೂ ಅದೇ ತಾಳ್ಮೆ ಬೇಕು. ನೋಟ್‌ಬುಕ್ಕು, ಒಂದು ಕ್ಯಾನು, ನಾಲ್ಕು ಪಾನಾ ಇದ್ದರೆ ಮುಕ್ಕಾಲು ಪರೀಕ್ಷೆ ಹೊಲದ ಬದುವಿನಲ್ಲೇ ಆಗುತ್ತದೆ. ಮಿಸ್ತ್ರಿಯನ್ನು ಕರೆಯಬೇಕಾದರೂ ಬರೆದಿಟ್ಟ ಲೆಕ್ಕ ಅವನ ಕೈಗೆ ಕೊಡಿ. ಅವನ ಕೆಲಸವೂ ಬೇಗ ಮುಗಿಯುತ್ತದೆ, ನಿಮ್ಮ ದುಡ್ಡೂ ಉಳಿಯುತ್ತದೆ. ಇದೇ ತರಹದ ರೋಗ ಬೇರೆ ಕಾರಣದಿಂದ ಬಂದವರು ಇದ್ದರೆ ಈ ಪುಟಕ್ಕೆ ಬರೆಯಿರಿ. ಒಬ್ಬರ ಲೆಕ್ಕ ಹತ್ತು ಮಂದಿಯ ಹದ ಉಳಿಸೀತು.